ಮಾರ್ಕೋನಹಳ್ಳಿಯ ಒಡತಿಗೆ ಬರೆದುಕೊಟ್ಟ ಕರಾರು

ನಾನು ಜೀವಮಾನದಲ್ಲಿ ಮಂತ್ರವಾದಿಯಾಗಿದ್ದದ್ದು ಆರೇ ಆರು ಭಾನುವಾರ. ಅದೂ ಮಧ್ಯಾಹ್ನದ ಊಟವಾದ ಮೇಲಿನಿಂದ ಸಂಜೆ ದೀಪ ಹಚ್ಚುವ ಹೊತ್ತಿನವರೆಗೆ. ಉಳಿದ ವೇಳೆಯಲ್ಲೆಲ್ಲ ನಾನು ತುಮಕೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಫಸ್ಟ್ ಡಿವಿಷನ್ ಕ್ಲರ್ಕ್ ಆಗಿದ್ದೆ. ಎರಡೂ ಕೆಲಸ ಮಾಡಿ ನೋಡಿದವನಾದ್ದರಿಂದ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ಎರಡಕ್ಕೂ ಬೇಕಾದದ್ದು ವಿದ್ಯೆಯಲ್ಲ, ಬೆನ್ನ ಹಿಂದೆ ಒಬ್ಬರು ದೊಡ್ಡವರು. ಸ್ವಂತ ಶಕ್ತಿಯಿಲ್ಲದವನು ಶಕ್ತಿ ಇದ್ದವರ ಕಾಲು ಹಿಡಿಯುವುದು ಲೋಕದ ರೂಢಿ. ನಮ್ಮ ಕಚೇರಿಯಲ್ಲಿ ಯಾರಿಗಾದರೂ ಬೇಕಾದ ಊರಿಗೆ ವರ್ಗವಾಯಿತೆಂದರೆ ಉಳಿದವರು "ಕೆಲಸ ಚೆನ್ನಾಗಿ ಮಾಡ್ತಿದ್ದ" ಅನ್ನುತ್ತಿರಲಿಲ್ಲ, "ಯಾರನ್ನ ಹಿಡಿದಿದ್ದ?" ಅಂತ ಕೇಳುತ್ತಿದ್ದರು. ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಹದಿಮೂರು ವರ್ಷ ಒಂದೇ ಮೇಜಿನ ಹಿಂದೆ ಕೂತವನನ್ನು ಕೇಳುವುದಾದರೂ ಏನು? ಅಂಥ ನಾನು ಯಾರ ಕಾಲು ಹಿಡಿದೆ, ಹಿಡಿದು ಏನನ್ನು ಬಿಟ್ಟುಕೊಟ್ಟೆ ಎಂಬುದನ್ನು ಇವತ್ತಿನವರೆಗೂ ಹೊರಗಿನವರಿಗೆ ಹೇಳಿಲ್ಲ. ಕೇಳಿದವರು ನಗುತ್ತಾರೆ ಎನ್ನುವ ಭಯವಲ್ಲ. ನಗದೆ ಸುಮ್ಮನಿದ್ದುಬಿಟ್ಟರೆ ಎನ್ನುವ ಭಯ.

ಎಂಬತ್ತರ ದಶಕದ ನಡುವಿನ ಮಾತು. ಶಿರಾ ಗೇಟ್ ಹತ್ತಿರ ಒಂದು ವಠಾರದಲ್ಲಿ ನಮ್ಮ ಬಾಡಿಗೆ ಮನೆ. ನಾನು, ನನ್ನ ಹೆಂಡತಿ ಲಕ್ಷ್ಮಿ, ಒಂಬತ್ತು ವರ್ಷದ ಮಗಳು, ಇಷ್ಟೇ ಸಂಸಾರ. ನನ್ನ ಸೆಕ್ಷನ್ನಿನಲ್ಲೇ ನಾಗಭೂಷಣ ಎನ್ನುವ ಹುಡುಗನಿದ್ದ. ಹುಡುಗ ಅಂದರೆ ಇಪ್ಪತ್ತೆಂಟು ವರ್ಷದವನು, ಮದುವೆಯಾಗಿರಲಿಲ್ಲ ಅಷ್ಟೆ. ಅವನಿಗೆ ಇಂಗ್ಲಿಷ್ ಪುಸ್ತಕಗಳ ಹುಚ್ಚು. ಸಂಬಳವಾದ ಮೊದಲ ಭಾನುವಾರ ಬೆಂಗಳೂರಿಗೆ ಹೋಗಿ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಆರಿಸಿಕೊಂಡು ಬರುತ್ತಿದ್ದ. ಒಂದು ಸಲ ಪುಸ್ತಕದ ಬದಲು ಒಂದು ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ನೇರ ನಮ್ಮ ಮನೆಗೇ ಬಂದ. ಪೆಟ್ಟಿಗೆಯ ಮೇಲೆ ರೆಕ್ಕೆ ಬಂದ ದೊಡ್ಡ ಹಲ್ಲಿಯೊಂದು ಬೆಂಕಿ ಕಾರುತ್ತಿತ್ತು. ಒಳಗೆ ಎರಡು ಇಂಗ್ಲಿಷ್ ಪುಸ್ತಿಕೆಗಳು, ಒಂದು ಮೋಟು ಪೆನ್ಸಿಲ್ಲು, ದಾಳಗಳಿರಬೇಕಾಗಿದ್ದ ಒಂದು ಖಾಲಿ ಚೀಲ.

"ಇದ್ಯಾವ ಆಟವಯ್ಯ, ಬೋರ್ಡೇ ಇಲ್ಲ?" ಎಂದೆ.

"ಬೋರ್ಡ್ ಬೇಡ ರಂಗಣ್ಣ, ಮಾತಲ್ಲೇ ಆಡೋದು. ಒಬ್ಬ ಕಥೆ ನಡೆಸ್ತಾನೆ. ಮಿಕ್ಕೋರು ಆ ಕಥೆ ಒಳಗೆ ಒಬ್ಬೊಬ್ಬರು ಒಂದೊಂದು ಪಾತ್ರ ಆಗ್ತಾರೆ. ಏನ್ ಮಾಡಬೇಕು ಅಂತ ಅವರವರೇ ಹೇಳ್ತಾರೆ. ಆಗುತ್ತೋ ಇಲ್ವೋ ಅನ್ನೋದನ್ನ ದಾಳ ಹೇಳುತ್ತೆ" ಎಂದ.

ದಾಳದ ಬದಲಿಗೆ ಮಗಳ ಚೌಕಾಬಾರದ ಕವಡೆ ಬಂದವು. ಆಟಕ್ಕೆ ಮೂರನೆಯವರು ಬೇಕೆಂದು ಪಕ್ಕದ ಮನೆಯ ಪಾಲಾಕ್ಷಯ್ಯನವರನ್ನು ಕರೆದೆವು. ಅವರು ಸಬ್ ರಿಜಿಸ್ಟ್ರಾರ್ ಕಚೇರಿ ಮುಂದಿನ ಮರದ ಕೆಳಗೆ ಮೇಜು ಹಾಕಿಕೊಂಡಿದ್ದ ಪತ್ರ ಬರಹಗಾರರು. ಕ್ರಯ, ಭೋಗ್ಯ, ವಿಭಾಗ, ಉಯಿಲು, ಏನು ಬೇಕಾದರೂ ಬಾಯಿಪಾಠದಿಂದ ಬರೆಯುತ್ತಿದ್ದರು. ಐವತ್ತು ದಾಟಿದ ಮನುಷ್ಯ, ಹಣೆ ತುಂಬ ವಿಭೂತಿ. ಇವರಿಗೆ ಈ ಆಟ ಎಲ್ಲಿ ಹಿಡಿಸೀತು ಎಂದುಕೊಂಡೆ. ನಾಗಭೂಷಣ ಪುಸ್ತಿಕೆ ನೋಡಿಕೊಂಡು ದನಿ ತಗ್ಗಿಸಿ, "ನಿಮ್ಮ ಮುಂದೆ ಒಂದು ಕಲ್ಲಿನ ಬಾಗಿಲು. ಅದರ ಹಿಂದೆ ಯಾರೋ ಉಸಿರಾಡ್ತಿದಾರೆ" ಎಂದ. ನಮ್ಮ ಮುಂದೆ ಇದ್ದದ್ದು ಕಿರಾಣಿ ಅಂಗಡಿಯವರು ಕೊಟ್ಟ ಕ್ಯಾಲೆಂಡರು, ಅದರ ಹಿಂದೆ ಸುಣ್ಣ ಉದುರಿದ ಗೋಡೆ. ಆದರೂ ಪಾಲಾಕ್ಷಯ್ಯ ನನ್ನ ತೋಳು ಹಿಡಿದುಕೊಂಡು, "ಮೆಲ್ಲಗೆ, ಸದ್ದು ಮಾಡ್ಬೇಡಿ" ಎಂದು ಪಿಸುಗುಟ್ಟಿದರು. ನನ್ನ ಮೈಯೂ ಜುಮ್ಮೆಂದಿತು. ಖರ್ಚಿಲ್ಲ, ಪರದೆಯಿಲ್ಲ, ವೇಷವಿಲ್ಲ. ಮೂವರು ಗಂಡಸರು ಚಾಪೆಯ ಮೇಲೆ ಕೂತು ಬರೀ ಮಾತಿನಲ್ಲಿ ಒಂದು ಕೋಟೆ ಕಟ್ಟಿ, ಅದರ ಬಾಗಿಲ ಮುಂದೆ ನಿಂತು ನಿಜವಾಗಿ ಹೆದರಬಹುದು ಎಂಬುದು ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ. ಈಗಲೂ ನೆನೆಸಿಕೊಂಡರೆ ಬೆರಗಾಗುತ್ತದೆ.

ಪಾಲಾಕ್ಷಯ್ಯ ಕತ್ತಿ ಹಿಡಿಯುವ ಕಟ್ಟಾಳಾದರು. ನಾನು ಸಣಕಲ, ಕನ್ನಡಕ ಬೇರೆ, ಆದ್ದರಿಂದ ನನ್ನನ್ನು ಮಂತ್ರವಾದಿ ಮಾಡಿದರು. ಮೂರು ಭಾನುವಾರಗಳಲ್ಲಿ ನನ್ನ ಮಂತ್ರವಾದಿ ಮೂರು ಸಲ ಸತ್ತ. ಒಂದು ಸಲ ತೋಳ ಕಚ್ಚಿ, ಇನ್ನೊಂದು ಸಲ ಬಾವಿಗೆ ಬಿದ್ದು, ಮೂರನೆಯ ಸಲ ಒಂದು ಹೆಗ್ಗಣದ ಕೈಯಲ್ಲಿ. ಹೆಗ್ಗಣದ ವಿಷಯದಲ್ಲಿ ನನಗೆ ಬಹಳ ಅವಮಾನವಾಯಿತು. ಹೆಗ್ಗಣಕ್ಕೆ ಹೆದರುವ ಮಂತ್ರವಾದಿಯನ್ನು ಇಟ್ಟುಕೊಂಡು ಆಟವಾಡುವುದು ಹೇಗೆ ಎಂದು ಜಗಳ ತೆಗೆದೆ. ನಾಗಭೂಷಣ ಪುಸ್ತಿಕೆ ತಿರುವಿಹಾಕಿ ಕೊನೆಗೊಂದು ಪುಟ ಹಿಡಿದ. ಕೆಲವು ಮಂತ್ರವಾದಿಗಳಿಗೆ ಸ್ವಂತ ವಿದ್ಯೆ ಇರುವುದಿಲ್ಲವಂತೆ. ಅವರು ಮನುಷ್ಯರಿಗಿಂತ ದೊಡ್ಡದಾದ, ಹಳೆಯದಾದ ಒಂದು ಶಕ್ತಿಯ ಹತ್ತಿರ ಹೋಗಿ ಒಪ್ಪಂದ ಮಾಡಿಕೊಳ್ಳುತ್ತಾರಂತೆ. ಆ ಶಕ್ತಿಯೇ ಅವರಿಗೆ ಒಡೆಯ. ಒಡೆಯ ಬಲ ಕೊಡುತ್ತಾನೆ, ಬದಲಿಗೆ ತನಗೆ ಬೇಕಾದದ್ದನ್ನು ಕೇಳುತ್ತಾನೆ. ಇಷ್ಟು ಓದಿ, "ಅಂಥ ಒಡೆಯರು ಸಾಮಾನ್ಯವಾಗಿ ಕೇಳೋದು ಏನಂದ್ರೆ" ಎಂದು ಪುಟ ತಿರುವಿದ. ಅಲ್ಲಿಂದ ಮುಂದೆ ಗೆದ್ದಲು ತಿಂದಿತ್ತು. ಗೆದ್ದಲಿಗೆ ಯಾವ ಪುಟ ಮುಖ್ಯವೆಂದು ಹೇಗೆ ಗೊತ್ತಾಗುತ್ತದೋ ಕಾಣೆ. ನಮ್ಮ ರೆಕಾರ್ಡ್ ರೂಮಿನಲ್ಲೂ ಅದು ಬೇಕಾದ ಕಡತವನ್ನೇ ಹುಡುಕಿ ತಿನ್ನುತ್ತದೆ.

ಸರಿ, ನಾಲ್ಕನೆಯ ಭಾನುವಾರ ಒಡೆಯನನ್ನು ನಾವೇ ಮಾಡಿಕೊಳ್ಳೋಣ ಎಂದಾಯಿತು. ಮೊದಲು ನಾಗಭೂಷಣ ಒಡೆಯನಾದ. ನಾನು ಚಾಪೆಯ ಮೇಲೆ ಅಡ್ಡಬಿದ್ದು ಶಕ್ತಿ ಬೇಡಿದೆ. ಅವನು ಗಂಟಲು ಸರಿಮಾಡಿಕೊಂಡು, "ನಿಮ್ಮ ಕೋರಿಕೆ ಪರಿಶೀಲನೇಲಿದೆ" ಎಂದ. ಎಷ್ಟು ಪ್ರಯತ್ನಪಟ್ಟರೂ ಅವನ ಬಾಯಲ್ಲಿ ನಮ್ಮ ಸೂಪರಿಂಟೆಂಡೆಂಟರೇ ಬರುತ್ತಿದ್ದರು. ಆಮೇಲೆ ಪಾಲಾಕ್ಷಯ್ಯ ಒಡೆಯನಾದರು. ಕಣ್ಣು ಮುಚ್ಚಿಕೊಂಡು ಮೊದಲು ಕೇಳಿದ್ದೇ, "ಇಬ್ಬರು ಸಾಕ್ಷಿಗಳನ್ನ ಕರ್ಕೊಂಡ್ ಬಂದಿದೀಯೇನಪ್ಪಾ?" ಎಂದು. ನಾವು ಬಿದ್ದು ಬಿದ್ದು ನಕ್ಕೆವು.

ಆಗ ನಡುಮನೆಯ ಬಾಗಿಲಿನಿಂದ, "ನಾನು ಆಗ್ಲಾ?" ಎಂಬ ದನಿ ಬಂತು.

ಲಕ್ಷ್ಮಿ ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಹೊಸ್ತಿಲ ಒಳಗೆ ಕೂತು ಸುಲಿಯುತ್ತಿದ್ದಳು. ನಾಲ್ಕು ಭಾನುವಾರದಿಂದಲೂ ಅಲ್ಲೇ ಕೂತಿದ್ದಳಂತೆ. ನಾನು ಗಮನಿಸಿರಲಿಲ್ಲ. ಇವಳ ತವರು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಕಡೆ. ಅಣೆಕಟ್ಟಿನ ನೀರಿನಲ್ಲಿ ಗದ್ದೆ, ತೆಂಗು ಮಾಡಿಕೊಂಡಿದ್ದ ನನ್ನ ಮಾವ, ಮಗಳನ್ನು ತುಮಕೂರಿನಲ್ಲಿಟ್ಟು ಬಿ.ಎ., ಬಿ.ಎಡ್. ಓದಿಸಿದ್ದರು. ಓದು ಮುಗಿದ ವರ್ಷವೇ ಮದುವೆ. ಆ ಸರ್ಟಿಫಿಕೇಟುಗಳು ಹನ್ನೊಂದು ವರ್ಷದಿಂದ ನಮ್ಮ ಟ್ರಂಕಿನಲ್ಲಿ ರೇಷ್ಮೆ ಸೀರೆಯ ಕೆಳಗೆ ಕರ್ಪೂರದ ಗುಳಿಗೆಗಳ ಜೊತೆ ಭದ್ರವಾಗಿದ್ದವು. ಮಾತು ಕಡಿಮೆ, ಕೂಗಾಟವಿಲ್ಲ. "ನಮ್ಮ ಮನೇಲಿ ಹಸು" ಎಂದು ನಾನು ನಾಲ್ಕು ಜನರ ಎದುರು ಹೇಳಿಕೊಂಡಿದ್ದೂ ಉಂಟು.

"ಆಗಿ ಅತ್ತಿಗೆ, ಅದಕ್ಕೇನಂತೆ" ಎಂದ ನಾಗಭೂಷಣ, ಔದಾರ್ಯದಿಂದ.

ಲಕ್ಷ್ಮಿ ಮೊರ ಪಕ್ಕಕ್ಕಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು ಹೊಸ್ತಿಲ ಮೇಲೇ ಬಂದು ಕೂತಳು. ಹೊಸ್ತಿಲ ಮೇಲೆ ಕೂರಬಾರದು ಎಂದು ಮಗಳಿಗೆ ದಿನಾ ಬಯ್ಯುವವಳು. ನಾನು ನಗುನಗುತ್ತಲೇ ಕೈ ಮುಗಿದು, "ಒಡತಿ, ನನಗೆ ಶಕ್ತಿ ಕೊಡು" ಎಂದೆ.

"ಏನ್ಲಾ ಮಂತ್ರವಾದಿ," ಎಂದಳು, "ನಗ್ತಾ ಬೇಡ್ತಾರೇನ್ಲಾ?"

ಹನ್ನೊಂದು ವರ್ಷದಲ್ಲಿ ನನ್ನ ಹೆಂಡತಿ ನನ್ನನ್ನು 'ರೀ' ಬಿಟ್ಟು ಬೇರೇನೂ ಕರೆದಿರಲಿಲ್ಲ. ಪಾಲಾಕ್ಷಯ್ಯ ಕಾಲು ಮಡಿಚಿ ನೆಟ್ಟಗೆ ಕೂತರು. ಆ ದನಿ ದೊಡ್ಡದೇನೂ ಆಗಿರಲಿಲ್ಲ, ಆದರೆ ತುಂಬ ಕೆಳಗಿನಿಂದ ಬರುತ್ತಿತ್ತು. ಪೇಟೆಗೆ ಬಂದ ಮೇಲೆ ಅವಳು ಎಂದೋ ಬಿಟ್ಟಿದ್ದ ಹಳ್ಳಿಯ ಮಾತು ಅದರಲ್ಲಿತ್ತು.

"ನಾನು ಮಾರ್ಕೋನಳ್ಳಿ ಕಟ್ಟೆ ತಳದಾಗಿರೋಳು. ನನಗೆ ಹೆಸರಿಲ್ಲ, ಇಡಾಕೆ ಬರಬೇಡ. ನನ್ ಕಟ್ಟೆ ಬಾಗ್ಲು ಎತ್ತಾಕೆ ಆಳು ಬೇಕಿಲ್ಲ ಕಣ್ಲಾ. ತುಂಬೋಗಂಟ ಸುಮ್ಕಿರ್ತೀನಿ. ದನ ತೊಳೀತಾರೆ, ಬಟ್ಟೆ ಒಗೀತಾರೆ, ಕಲ್ಲು ಎಸೀತಾರೆ, ಸುಮ್ಕಿರ್ತೀನಿ. ತುಂಬಿದ್ ದಿನ ಮಾತ್ರ ಯಾರನ್ನೂ ಕೇಳಾಕಿಲ್ಲ. ನಾನೇ ಹೊಂಡ್ತೀನಿ."

ಮಾರ್ಕೋನಹಳ್ಳಿಯ ಕಟ್ಟೆಯಲ್ಲಿ ಸೈಫನ್ ಇದೆ. ನೀರು ಗೊತ್ತಾದ ಮಟ್ಟ ಮುಟ್ಟಿದರೆ ಸಾಕು, ಯಾರೂ ಗೇಟು ಎತ್ತದೆಯೇ ತಾನಾಗಿ ಆಚೆಗೆ ಧುಮುಕುತ್ತದೆ. ಮದುವೆಯಾದ ಹೊಸದರಲ್ಲಿ ಮಾವ ನನ್ನನ್ನು ಕರೆದೊಯ್ದು ತೋರಿಸಿದ್ದರು. ಆ ಸದ್ದಿಗೆ ಎದೆ ನಡುಗಿತ್ತು. ಆದರೆ ಅವತ್ತು ಆ ನೀರಿಗೂ ಪಕ್ಕದಲ್ಲಿ ಸೆರಗು ಹಿಡಿದು ನಿಂತಿದ್ದವಳಿಗೂ ಸಂಬಂಧವಿದೆ ಎಂದು ನನಗೆ ಹೊಳೆದಿರಲಿಲ್ಲ. ಈಗ ನಮ್ಮ ಹತ್ತಡಿ ಹಜಾರದಲ್ಲಿ ಆ ಕಟ್ಟೆಯೇ ಬಂದು ಕೂತಂತಿತ್ತು. ನನಗೆ ಹೆದರಿಕೆಯಾಯಿತು. ಸುಳ್ಳೇಕೆ, ನಿಜವಾಗಿ ಕೈ ಮುಗಿದೆ.

"ಬಲ ಬೇಕು ತಾಯಿ" ಎಂದೆ.

"ಏನ್ ಕೊಡ್ತೀಯ?"

ಇಲ್ಲಿ ನನ್ನ ಬುದ್ಧಿ ಚುರುಕಾಯಿತು. ಹರಕೆ ಹೊರುವುದರಲ್ಲಿ ನಮ್ಮ ಮನೆತನ ಪಳಗಿದ್ದು. "ನೂರೊಂದು ತೆಂಗಿನಕಾಯಿ ಒಡೆಸ್ತೀನಿ" ಎಂದೆ. "ಅದು ನನ್ ನೀರು ಕುಡುದೇ ಬೆಳ್ದಿರೋದು. ನಂದೇ ನನಗೆ ಕೊಡ್ತೀಯಾ?" ಎಂದಳು. ಆಗ ಕಾಶಿಯ ಉಪಾಯ ನೆನಪಾಯಿತು. ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದು ಪದಾರ್ಥವನ್ನು ಅಲ್ಲಿ ಬಿಟ್ಟು ಬರಬೇಕೆಂಬುದು ಪದ್ಧತಿ. ನಮ್ಮ ಸೋದರತ್ತೆ ಹೋದಾಗ ಹಾಗಲಕಾಯಿ ಬಿಟ್ಟು ಬಂದರು. ಹುಟ್ಟಿದಾರಭ್ಯ ಅವರು ಹಾಗಲಕಾಯಿ ಮುಟ್ಟಿರಲಿಲ್ಲ. ಇಡೀ ಬಂಧುಬಳಗದಲ್ಲಿ ಮಾವಿನಹಣ್ಣು ಬಿಟ್ಟು ಬಂದ ಒಬ್ಬರನ್ನೂ ನಾನು ಕಂಡಿಲ್ಲ. ಹಾಗಾಗಿ ನಾನೂ ಭಕ್ತಿಯಿಂದ, "ಹಾಗಲಕಾಯಿ ಬಿಡ್ತೀನಿ ತಾಯಿ" ಎಂದೆ.

"ನೀನು ಅದನ್ನ ತಟ್ಟೆ ಅಂಚಿಗೆ ತಳ್ಳೋದು ನನಗೆ ಗೊತ್ತಿಲ್ವೇನ್ಲಾ?" ಎಂದಳು ಒಡತಿ. "ನಿಂತಾವ ಒಂದ್ ಮಾತೈತೆ. ದಿನಾ ಬಳಸ್ತೀಯ. ಅದ್ನ ನನಗೆ ಕೊಟ್ಬುಡು."

"ಯಾವ ಮಾತು?"

"ನೋಡೋಣ ಅನ್ನೋ ಮಾತು."

ಓದುಗರೇ, ಆ ಮಾತಿನ ಬೆಲೆ ನಿಮಗೆ ಗೊತ್ತಿರಬಹುದು. ನನ್ನ ಇಡೀ ಸಂಸಾರ, ಅರ್ಧ ಆಫೀಸು ನಿಂತಿದ್ದದ್ದೇ ಅದರ ಮೇಲೆ. ಅದು 'ಹೂಂ' ಅಲ್ಲವಾದ್ದರಿಂದ ಏನೂ ಮಾಡಬೇಕಾಗಿಲ್ಲ. 'ಊಹೂಂ' ಅಲ್ಲವಾದ್ದರಿಂದ ಯಾರೂ ಬೇಜಾರಾಗುವಂತಿಲ್ಲ. ಗ್ಯಾಸ್ ಕನೆಕ್ಷನ್ನಿಗೆ ಅರ್ಜಿ ಹಾಕೋಣವೇ? ನೋಡೋಣ. ಮಗಳನ್ನು ಸಂಗೀತಕ್ಕೆ ಸೇರಿಸೋಣವೇ? ನೋಡೋಣ. ಅಪ್ಪಯ್ಯನಿಗೆ ಹುಷಾರಿಲ್ಲವಂತೆ, ಊರಿಗೆ ಹೋಗಿಬರೋಣವೇ? ನೋಡೋಣ. ಹೇಳುವಾಗ ಒಂದು ಗಾಂಭೀರ್ಯ, ಏನೋ ಯೋಚಿಸುತ್ತಿದ್ದಾರೆ ಎನ್ನುವ ಗೌರವ. ಆ ತಿಂಗಳಲ್ಲೇ ಅವಳು ಮೂರು ಸಲ ಒಂದು ವಿಷಯ ಕೇಳಿದ್ದಳು. ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠದ ಮೇಷ್ಟ್ರು ವರ್ಷದ ನಡುವೆ ನಿವೃತ್ತರಾಗಿದ್ದರು. ಆ ಜಾಗಕ್ಕೆ ಬಿ.ಎಡ್. ಆದವರು ಬೇಕಾಗಿತ್ತು. "ಅರ್ಜಿ ಹಾಕ್ಲಾರೀ?" ಎಂದು ಮೂರು ಸಲ ಕೇಳಿದ್ದಳು. ನಾನು ಮೂರು ಸಲವೂ ಪೇಪರಿನಿಂದ ತಲೆಯೆತ್ತದೆ ನೋಡೋಣ ಅಂದಿದ್ದೆ.

ಆದರೆ ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಗುಬ್ಬಿ ಇರಲಿಲ್ಲ, ಹೆಗ್ಗಣವಿತ್ತು. "ಆಗಲಿ, ಕೊಟ್ಟೆ. ಬದಲಿಗೆ ಏನು ಕೊಡ್ತೀಯ ತಾಯಿ?" ಎಂದೆ. "ನೀರಿನ ಬಲ ಕೊಡ್ತೀನಿ. ಯಾವ್ ಬಾಗ್ಲು ಮುಚ್ಚಿದ್ರೂವೆ ಸಂದೀಲಿ ಹರ್ಕೊಂಡ್ ಹೋಗ್ತೀಯ" ಎಂದಳು.

ಇಷ್ಟಕ್ಕೇ ನಿಂತಿದ್ದರೆ ನಾನು ಬಚಾವಾಗುತ್ತಿದ್ದೆ. ಪಾಲಾಕ್ಷಯ್ಯನವರಿಗೆ ಬಾಯಿಮಾತಿನ ಒಪ್ಪಂದ ಎಂದರೆ ಮೈ ಉರಿಯುತ್ತದೆ. "ಬರವಣಿಗೆ ಇಲ್ಲದ್ದು ವ್ಯವಹಾರವೇ ಅಲ್ಲ" ಎಂದವರೇ ಮನೆಗೆ ಓಡಿಹೋಗಿ, ಯಾವುದೋ ಪಾರ್ಟಿ ಬರದೆ ಉಳಿದಿದ್ದ ಒಂದು ಸ್ಟಾಂಪು ಕಾಗದ ತಂದು ತೊಡೆಯ ಮೇಲೆ ಹಲಗೆಯಿಟ್ಟುಕೊಂಡು ಒಂದೇ ಉಸಿರಿಗೆ ಬರೆದರು. ಮೊದಲ ಸಾಲು ಬಿಟ್ಟು ಮುಂದಿನದನ್ನು ರಾಗವಾಗಿ ಓದಿದರು. ಯಾರ ಬಲವಂತವೂ ಒತ್ತಾಯವೂ ಇಲ್ಲದೆ, ಸ್ವಸ್ಥಚಿತ್ತದಿಂದ, ಕುಣಿಗಲ್ ತಾಲ್ಲೂಕು ಮಾರ್ಕೋನಹಳ್ಳಿ ಜಲಾಶಯದ ತಳದಲ್ಲಿ ವಾಸವಿರುವ ಒಡತಿಯವರಿಗೆ ಬರೆದುಕೊಟ್ಟ ಕರಾರು ಪತ್ರದ ಕ್ರಮವೇನೆಂದರೆ, ನನ್ನ ಸ್ವಂತ ಅನುಭವದಲ್ಲಿದ್ದು ಯಾವುದೇ ಋಣಭಾರಕ್ಕೆ ಒಳಪಡದ 'ನೋಡೋಣ' ಎಂಬ ಮಾತನ್ನು ಈ ದಿವಸ ತಮ್ಮ ಸ್ವಾಧೀನಕ್ಕೆ ಬಿಟ್ಟುಕೊಟ್ಟಿರುತ್ತೇನೆ. ಸದರಿ ಮಾತಿನ ಮೇಲೆ ಇನ್ನು ಮುಂದೆ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವ ಹಕ್ಕೂ ಇರುವುದಿಲ್ಲ. ಸದರಿ ಮಾತಿಗೆ ಚಕ್ಕುಬಂದಿ: ಪೂರ್ವಕ್ಕೆ 'ಆಗಲಿ', ಪಶ್ಚಿಮಕ್ಕೆ 'ಬೇಡ', ಉತ್ತರಕ್ಕೆ 'ಆಮೇಲೆ', ದಕ್ಷಿಣಕ್ಕೆ ಮೌನ. ಈ ಮಧ್ಯೆ ಇರುವುದು.

ಚಕ್ಕುಬಂದಿ ಕೇಳಿ ನಾನು ಚಪ್ಪಾಳೆ ತಟ್ಟಿದೆ. ಪೆನ್ನು ಕೈಗೆ ಬಂತು, ಸಹಿ ಹಾಕಿದೆ. ಕಚೇರಿಯಲ್ಲಿ ದಿನಕ್ಕೆ ನೂರು ಕಾಗದಕ್ಕೆ ಸಹಿ ಹಾಕುವ ಕೈ. ಪೆನ್ನು ಕೊಟ್ಟರೆ ಅದು ಓದುವುದಕ್ಕೆ ಕಾಯುವುದಿಲ್ಲ. ನಾಗಭೂಷಣ ಸಾಕ್ಷಿ ಹಾಕಿದ. ಅಷ್ಟರಲ್ಲಿ ಹೊತ್ತು ಮುಳುಗಿತ್ತು. ಲಕ್ಷ್ಮಿ ಎದ್ದು ದೇವರ ಗೂಡಿನ ದೀಪ ಹಚ್ಚಿ, ಕಾಗದದ ನಾಲ್ಕು ಮೂಲೆಗೂ ಅರಿಸಿನ ಹಚ್ಚಿ, ದೀಪದ ಹಿಂದೆ ಇಟ್ಟಳು. ಆ ಸಂಜೆ ನನ್ನ ಮಂತ್ರವಾದಿ ನೀರಾಗಿ ಕಲ್ಲಿನ ಬಾಗಿಲ ಸಂದಿಯಲ್ಲಿ ಹರಿದು ಹೋಗಿ ಒಳಗಿನಿಂದ ಅಗುಳಿ ತೆಗೆದ. ಪಾಲಾಕ್ಷಯ್ಯ ನನ್ನನ್ನು ಅಪ್ಪಿಕೊಂಡರು.

ಸೋಮವಾರ ಬೆಳಿಗ್ಗೆ ಲಕ್ಷ್ಮಿ ಟ್ರಂಕು ತೆಗೆದು ಸರ್ಟಿಫಿಕೇಟುಗಳನ್ನು ಮಂಚದ ಮೇಲೆ ಹರಡಿದ್ದಳು. ಮೊದಲಿನ ಮೆತ್ತಗಿನ ದನಿಯಲ್ಲೇ, "ಗುಬ್ಬಿ ಸ್ಕೂಲಿಗೆ ಶುಕ್ರವಾರ ಕೊನೇ ದಿನಾರೀ. ಅರ್ಜಿ ಹಾಕ್ಲಾ?" ಎಂದಳು. ನಾನು ಪೇಪರು ಮಡಿಚದೆ, "ನೋ..." ಎಂದವನು ತಲೆಯೆತ್ತಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ದೇವರ ಗೂಡನ್ನು ನೋಡುತ್ತಿದ್ದಳು.

"ಅದು ಆಟ ಕಣೇ," ಎಂದೆ. "ಬರ್ಕೊಟ್ಟೋನು ಮಂತ್ರವಾದಿ. ನಾನಲ್ಲ."

ಅವಳು ಕಾಗದ ತಂದು ನನ್ನ ಕೈಗಿಟ್ಟು, "ಮೊದಲನೇ ಸಾಲು ಓದಿ" ಎಂದಳು. ಓದಿದೆ. 'ತುಮಕೂರು ಟೌನ್ ಶಿರಾ ಗೇಟ್ ವಾಸಿ, ರಂಗಸ್ವಾಮಿ ಬಿನ್ ಚಿಕ್ಕಣ್ಣ, ಸುಮಾರು ಮೂವತ್ತೆಂಟು ವರ್ಷ, ಆದ ನಾನು' ಎಂದಿತ್ತು. ಪಾಲಾಕ್ಷಯ್ಯ ಅಭ್ಯಾಸಬಲದಿಂದ ಮಂತ್ರವಾದಿಯ ಹೆಸರಿನ ಬದಲು ನನ್ನ ಹೆಸರನ್ನೂ ನಮ್ಮಪ್ಪನ ಹೆಸರನ್ನೂ ಬರೆದುಬಿಟ್ಟಿದ್ದರು. ಕೆಳಗಡೆ ನನ್ನದೇ ಸಹಿ, ಕಚೇರಿಯಲ್ಲಿ ಹಾಕುವ ಹಾಗೆ ಕೆಳಗೊಂದು ಗೆರೆ ಸಮೇತ.

ಆಫೀಸಿಗೆ ಹೋಗುವ ದಾರಿಯಲ್ಲೇ ಮರದ ಕೆಳಗೆ ಪಾಲಾಕ್ಷಯ್ಯನವರನ್ನು ಹಿಡಿದು ಜಗಳವಾಡಿದೆ. ಅವರು ಕನ್ನಡಕ ಕೆಳಗಿಳಿಸಿ, "ರಂಗಸ್ವಾಮಿಗಳೇ, ಇಪ್ಪತ್ತಾರು ವರ್ಷ ಆಯ್ತು ನಾನು ಪತ್ರ ಬರೆಯೋಕೆ ಶುರುಮಾಡಿ. ನಾನು ಬರೆದ ಒಂದೇ ಒಂದು ಪತ್ರ ಬಿದ್ದುಹೋಗಿಲ್ಲ. ನಿಮ್ಮದರಿಂದ ಶುರು ಮಾಡ್ಲಾ?" ಎಂದರು. ರದ್ದು ಮಾಡಬಹುದಲ್ಲ ಎಂದೆ. "ಧಾರಾಳವಾಗಿ. ಎರಡೂ ಪಾರ್ಟಿ ಒಪ್ಪಬೇಕು. ಅವರನ್ನ ಕರ್ಕೊಂಡ್ ಬನ್ನಿ" ಎಂದರು. ನಾಗಭೂಷಣನನ್ನು ಕೇಳಿದರೆ ಅವನು ಪುಸ್ತಿಕೆ ತೆಗೆದು, "ಕರಾರು ಮುರಿದ ಮಂತ್ರವಾದಿಗೆ ಏನಾಗುತ್ತೆ ಅಂದ್ರೆ" ಎಂದು ಓದಿ ಪುಟ ತಿರುವಿದ. ಅಲ್ಲೂ ಗೆದ್ದಲು. ನೆಟ್ಟಗೆ ಬರೆದಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಿನಲ್ಲಿ ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ಆಡಿದ್ದಕ್ಕೆಲ್ಲ 'ಅಸ್ತು' ಎನ್ನುತ್ತಾರೆ ಎಂದು ನಮ್ಮಮ್ಮ ಚಿಕ್ಕಂದಿನಲ್ಲಿ ಹೇಳುತ್ತಿದ್ದದ್ದು ಬೇರೆ ನೆನಪಾಯಿತು.

ಶುಕ್ರವಾರವೇ ಕೊನೆಯ ದಿನವಾದ್ದರಿಂದ 'ಆಮೇಲೆ' ಎನ್ನುವಂತಿರಲಿಲ್ಲ. ಇನ್ನು ಉಳಿದದ್ದು ಎರಡೇ ಮಾತು, 'ಹೂಂ' ಅಥವಾ 'ಬೇಡ'. ಬೇಡ ಎನ್ನುವುದಕ್ಕೆ ನನಗೆ ಸಂಪೂರ್ಣ ಹಕ್ಕಿತ್ತು, ಚಕ್ಕುಬಂದಿಯಲ್ಲೇ ಪಶ್ಚಿಮಕ್ಕೆ ಬಿಟ್ಟುಕೊಟ್ಟಿದ್ದರು. ಆದರೆ ಬೇಡ ಎಂದರೆ "ಯಾಕೆ?" ಎಂಬ ಮುಂದಿನ ಮಾತು ಬರುತ್ತದೆ. ಮೂರು ದಿನ ಕಾರಣ ಹುಡುಕಿದೆ. ಗುಬ್ಬಿ ದೂರ ಎನ್ನೋಣವೆಂದರೆ ಬಸ್ಸುಗಳು ಒಂದರ ಹಿಂದೊಂದು. ಮಗಳನ್ನು ನೋಡಿಕೊಳ್ಳುವವರು ಯಾರು ಎನ್ನೋಣವೆಂದರೆ, ನನ್ನ ಛತ್ರಿ ಕನ್ನಡಕಗಳನ್ನು ಹುಡುಕಿ ಕೊಡುತ್ತಿದ್ದವಳೇ ಆ ಮಗಳು. ಜನ ಏನಂತಾರೆ ಎನ್ನೋಣವೆಂದರೆ ನಮ್ಮ ವಠಾರದಲ್ಲೇ ಇಬ್ಬರು ಹೆಂಗಸರು ಕೆಲಸಕ್ಕೆ ಹೋಗುತ್ತಿದ್ದರು, ಜನ ಏನೂ ಅನ್ನುತ್ತಿರಲಿಲ್ಲ, ಸಾಲ ಮಾತ್ರ ಅವರನ್ನೇ ಕೇಳುತ್ತಿದ್ದರು. ಇನ್ನೂ ಒಂದು ಕಾರಣ ಸಿಕ್ಕಿತು, ಬರೀ ನನ್ನ ಅನುಕೂಲದ್ದು. ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ನನಗೆ ನಾನೇ ಹೇಳಿಕೊಳ್ಳುವುದಕ್ಕೂ ನಾಚಿಕೆಯಾಯಿತು. ಗುರುವಾರ ಸಂಜೆ, "ಹಾಕು" ಎಂದೆ. ಅರ್ಜಿ ಆಗಲೇ ಬರೆದು ಇಟ್ಟಿದ್ದಳು, ಲಕೋಟೆಗೆ ಅಂಟು ಹಚ್ಚಿದಳು ಅಷ್ಟೆ. ಹಚ್ಚಿದ ಮೇಲೂ ಅಂಚನ್ನು ಬೆರಳಿನಿಂದ ಮತ್ತೆ ಮತ್ತೆ ಒತ್ತುತ್ತಿದ್ದದ್ದನ್ನು ನೋಡಿ ನನಗೆ ಒಂಥರಾ ಆಯಿತು. ಅಷ್ಟು ದಿನ ನಾನು ಎಂಥದ್ದನ್ನು ತಡೆದಿಟ್ಟಿದ್ದೆ ಎಂಬುದು ಆ ಬೆರಳಿನಿಂದ ತಿಳಿಯಿತು.

ಮುಂದಿನ ವಾರ ಗುಬ್ಬಿಯಿಂದ ಸಂದರ್ಶನಕ್ಕೆ ಕರೆ ಬಂತು. ನಾನೂ ರಜೆ ಹಾಕಿ ಜೊತೆಗೆ ಹೋದೆ, ಧೈರ್ಯ ಹೇಳುವುದಕ್ಕೆ ಎಂದು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೆದರಬೇಡ ಎಂದು ಹೇಳಿದೆ. ಅವಳು ಕಿಟಕಿಯಾಚೆಯ ತೆಂಗಿನ ತೋಟಗಳನ್ನು ನೋಡುತ್ತ ಕೂತಿದ್ದಳು, ನನ್ನ ಮಾತು ಕಿವಿಗೆ ಬಿತ್ತೋ ಇಲ್ಲವೋ. ಹೆಡ್‌ಮಾಸ್ಟರು ಒಂಬತ್ತನೇ ಕ್ಲಾಸಿಗೆ ಒಂದು ಪಾಠ ಮಾಡಿ ತೋರಿಸಿ ಎಂದರಂತೆ. ನಾನು ಹೊರಗೆ ಹೊಂಗೆಮರದ ಕೆಳಗೆ ನಿಂತಿದ್ದೆ. ಹೊಸ ಟೀಚರ್ ಬಂದರೆ ಹೈಸ್ಕೂಲು ಹುಡುಗರು ಹೇಗಿರುತ್ತಾರೋ ಹಾಗೇ ಇದ್ದರು. ಬೆಂಚು ಬಡಿಯುವುದು, ಕೆಮ್ಮುವುದು, ಹಿಂದಿನ ಸಾಲಿನಿಂದ ಕೋಳಿ ಕೂಗುವುದು. ಇವಳ ದನಿ ಕೇಳಲೇ ಇಲ್ಲ. ನಾನು ಕಿಟಕಿಯ ಹತ್ತಿರ ಹೋದೆ. ಅವಳು ಮೇಜಿನ ಪಕ್ಕ ಸುಮ್ಮನೆ ನಿಂತಿದ್ದಳು. ಗದರಲಿಲ್ಲ, ಡಸ್ಟರ್ ಬಡಿಯಲಿಲ್ಲ, ಬರೀ ನೋಡುತ್ತ ನಿಂತಿದ್ದಳು. ಮುಂದಿನ ಬೆಂಚು ಮೊದಲು ಅಡಗಿತು. ಆಮೇಲೆ ಮಧ್ಯದ್ದು. ಕೊನೆಗೆ ಕೋಳಿಯೂ ಅಡಗಿತು. ಆಗ ಶುರು ಮಾಡಿದಳು, ನದಿಗಳ ಪಾಠ. ಅದೇ ದನಿ, ಆ ಕೆಳಗಿನಿಂದ ಬರುವ ದನಿ. ಹಳ್ಳಿಯ ಮಾತಿರಲಿಲ್ಲ, ಪುಸ್ತಕದ ಕನ್ನಡವೇ, ಆದರೆ ಅದೇ ನೀರು. ನಲವತ್ತು ಹುಡುಗರು ಬಾಯಿ ಬಿಟ್ಟುಕೊಂಡು ಕೇಳಿದರು. ಕಿಟಕಿಯ ಸರಳು ಹಿಡಿದುಕೊಂಡು ನಾನು ನಲವತ್ತೊಂದನೆಯವನಾಗಿ ಕೇಳಿದೆ. ನಮ್ಮ ಹಜಾರದಲ್ಲಿ ಅವಳು ಒಡತಿಯ ವೇಷ ಹಾಕಿದ್ದಳೆಂದುಕೊಂಡಿದ್ದೆ. ವೇಷ ಹಾಕಿದ್ದು ಉಳಿದ ಹನ್ನೊಂದು ವರ್ಷ ಎಂದು ಆ ಕಿಟಕಿಯಲ್ಲಿ ಗೊತ್ತಾಯಿತು. ಹೆಮ್ಮೆಯೋ ಭಯವೋ, ಕಣ್ಣಲ್ಲಿ ನೀರು ಬಂತು. ಹೆಡ್‌ಮಾಸ್ಟರು ನನ್ನನ್ನು ಯಾರೋ ಪೋಷಕರೆಂದು ತಿಳಿದು, "ನಿಮ್ಮ ಹುಡುಗ ಯಾವನು?" ಎಂದು ಕೇಳಿದರು.

ಕೆಲಸ ಸಿಕ್ಕಿತು. ಬೆಳಿಗ್ಗೆ ಎಂಟರ ಬಸ್ಸಿಗೆ ಹೋದರೆ ಸಂಜೆ ಆರಕ್ಕೆ ಬರುವಳು. ಎಸ್.ಎಸ್.ಎಲ್.ಸಿ. ಮಕ್ಕಳಿಗೆ ಪರೀಕ್ಷೆ ಹತ್ತಿರವೆಂದು ಭಾನುವಾರವೂ ಸ್ಪೆಷಲ್ ಕ್ಲಾಸು ಶುರುವಾಯಿತು. ಏಳನೆಯ ಭಾನುವಾರ ನಾಗಭೂಷಣನೂ ಪಾಲಾಕ್ಷಯ್ಯನವರೂ ಮಾಮೂಲಿನಂತೆ ಬಂದರು. ಹಿಂದಿನ ವಾರ ಪಾಲಾಕ್ಷಯ್ಯನವರ ಕಟ್ಟಾಳು ಸತ್ತುಹೋಗಿದ್ದ. ನೀರಿನ ಬಲ ನೋಡಿ ಆಸೆಯಾಗಿ ಅವರೂ ಮಂತ್ರವಾದಿಯಾಗುತ್ತೇನೆಂದರು. ಅವರಿಗೊಬ್ಬ ಒಡೆಯ ಬೇಕಾಯಿತು. ಒಡತಿ ಗುಬ್ಬಿಯಲ್ಲಿದ್ದಳು. "ಈ ಸಲ ನೀವೇ ಆಗಿ ರಂಗಣ್ಣ" ಎಂದ ನಾಗಭೂಷಣ.

ನಾನು ಹೋಗಿ ಅವಳು ಕೂತಿದ್ದ ಹೊಸ್ತಿಲ ಮೇಲೆ ಕೂತೆ. ಕಣ್ಣು ಮುಚ್ಚಿದೆ. ದನಿಯನ್ನು ಎಷ್ಟು ಸಾಧ್ಯವೋ ಅಷ್ಟು ಕೆಳಗಿಳಿಸಿ, "ಏನ್ಲಾ" ಎಂದೆ. ಪಾಲಾಕ್ಷಯ್ಯ ಚಾಪೆಯ ಮೇಲೆ ಉದ್ದಕ್ಕೆ ಅಡ್ಡಬಿದ್ದರು. ಎದ್ದು ಕೂತು, ಸ್ಟಾಂಪು ಕಾಗದ ಹರಡಿ, ಪೆನ್ನಿನ ಮುಚ್ಚಳ ತೆಗೆದು, "ಒಡೆಯಾ, ನನಗೆ ಬಲ ಬೇಕು. ಬದಲಿಗೆ ನಿನಗೇನು ಬೇಕೋ ಕೇಳಿಕೊ. ಮೂರು ಲೋಕದಲ್ಲಿರೋದು ಯಾವುದಾದ್ರೂ ಸರಿ" ಎಂದರು.

ನಾನು ಯೋಚಿಸಿದೆ. ಬಹಳ ಹೊತ್ತು ಯೋಚಿಸಿದೆ. ಬೆಟ್ಟ, ಕಾಡು, ಮನುಷ್ಯನ ಆಯಸ್ಸು, ಏನು ಬೇಕಾದರೂ ಕೇಳಬಹುದಾಗಿತ್ತು. ನನ್ನ ಬಾಯಿಂದ ಹೊರಟದ್ದು, "ಒಂದು ಲೋಟ ಕಾಫಿ."

"ಅಷ್ಟೇನಾ? ಬರ್ಕೊಂಡುಬಿಡ್ಲಾ?" ಎಂದರು ಪಾಲಾಕ್ಷಯ್ಯ. ನಾಗಭೂಷಣ ಅಭ್ಯಾಸಬಲದಿಂದ ಅಡುಗೆಮನೆಯ ಕಡೆ ತಿರುಗಿ ನೋಡಿದ. ಆಮೇಲೆ ಇಬ್ಬರೂ ನನ್ನನ್ನು ನೋಡಿದರು. ಒಡೆಯ ಎದ್ದು ಪಂಚೆ ಸರಿಮಾಡಿಕೊಂಡು ತಾನೇ ಒಳಗೆ ಹೋದ. ಹೇಗೋ ಸೀಮೆಎಣ್ಣೆ ಸ್ಟವ್ ಹಚ್ಚಿ ನೀರಿಟ್ಟ. ಮೇಲಿನ ಹಲಗೆಯಿಂದ ಒಂದೊಂದಾಗಿ ಡಬ್ಬಿ ಇಳಿಸಿ ಮುಚ್ಚಳ ತೆಗೆದ. ಮೆಂತ್ಯ, ಧನಿಯ, ಹುರಿಗಡಲೆ, ಸಾರಿನ ಪುಡಿ. ನೀರು ಕುದಿದು ಕುದಿದು ಅರ್ಧವಾಯಿತು. ಹನ್ನೊಂದು ವರ್ಷದಿಂದ ದಿನಕ್ಕೆ ಮೂರು ಸಲ ಕೇಳಿ ಈಸಿಕೊಂಡು ಕುಡಿದ ಕಾಫಿಯ ಪುಡಿ ತನ್ನ ಮನೆಯಲ್ಲಿ ಯಾವ ಡಬ್ಬಿಯಲ್ಲಿರುತ್ತದೆ ಎಂದು ಒಡೆಯನಿಗೆ ಗೊತ್ತಿರಲಿಲ್ಲ.